ಉದುರದ ಕೂದಲಿನ ನಾಯಿ



ಇವತ್ತು ನಾಯಿಯ ಕ್ಷೌರದ ಬಗ್ಗೆ ನಾಲ್ಕು ಮಾತು ಹೇಳೋಣವೆಂದು ಬಂದಿದ್ದೇನೆ. ನೀವು ನಗುತ್ತಿರಬಹುದು. ನಗಿ, ನನಗೇನೂ ಬೇಸರವಿಲ್ಲ. ಕೆಲವು ವರ್ಷಗಳ ಹಿಂದೆ ಯಾರಾದರೂ ನನ್ನ ಹತ್ತಿರ, "ನಾಯಿಗೆ ಆರು ವಾರಕ್ಕೊಮ್ಮೆ ಕಟಿಂಗ್ ಮಾಡಿಸಬೇಕು" ಎಂದಿದ್ದರೆ ನಾನೂ ಹೀಗೆಯೇ ನಗುತ್ತಿದ್ದೆ. ನನ್ನ ತಲೆಗೇ ನಾನು ಎರಡು ತಿಂಗಳಿಗೊಮ್ಮೆ ಕಟಿಂಗ್ ಮಾಡಿಸುವವನು. ಆದರೆ ಹಾಗೆ ನಕ್ಕು ಸುಮ್ಮನಿದ್ದುದರಿಂದ ನಮ್ಮ ಮನೆಯಲ್ಲಿ ಒಂದು ಮೂಕಪ್ರಾಣಿ ಬಹಳ ನೋವು ತಿಂದಿತು. ಅದನ್ನು ಮನೆಯಿಂದ ಹೊರಗೆ ಹಾಕುವವರೆಗೂ ನಾನು ಹೋಗಿದ್ದೆ. ಆ ತಪ್ಪು ಇನ್ನೊಬ್ಬರ ಮನೆಯಲ್ಲಿ ಆಗಬಾರದು ಎಂದು ಈ ಮಾತು.

ನಮ್ಮದು ಹೊಸೂರಿನ ಕಡೆ, ಡೆಂಕಣಿಕೋಟೆಗೆ ಹತ್ತಿರದ ಒಂದು ಹಳ್ಳಿ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು, ಸಂತೆಗೆ ಹೋದರೆ ತೆಲುಗೂ ಬೇಕು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದವನು, ಗುಮಾಸ್ತನಾಗಿಯೇ ನಿವೃತ್ತನಾದೆ. ನಮ್ಮ ಮನೆಯಲ್ಲಿ ಯಾವಾಗಲೂ ನಾಯಿ ಇತ್ತು. ಹೊಲದ ಕಾವಲಿಗೆ, ಅಂಗಳದಲ್ಲಿ ಬೊಗಳುವುದಕ್ಕೆ. ಅದಕ್ಕೆ ಮುದ್ದೆ ಹಾಕಿದರೆ ಮುಗಿಯಿತು. ಕೂದಲು ತಾನಾಗಿ ಬೆಳೆಯುತ್ತದೆ, ತಾನಾಗಿ ಉದುರುತ್ತದೆ. ನಮ್ಮ ಕಡೆಯ ರಾಜಪಾಳಯಂ, ಉತ್ತರದ ಮುಧೋಳದ ನಾಯಿ, ಇವೆಲ್ಲ ಗಿಡ್ಡ ಕೂದಲಿನವು. ಈ ಎರಡರ ಜೊತೆಗೆ ಇನ್ನೆರಡು ನಾಡತಳಿಗಳನ್ನು ಸೇರಿಸಿ ಅಂಚೆ ಇಲಾಖೆಯವರು 2005ರಲ್ಲಿ ನಾಲ್ಕು ಅಂಚೆಚೀಟಿಗಳನ್ನೇ ತಂದರು. ಅಂಥ ನಾಯಿಗಳಿಗೆ ಬಾಚಣಿಗೆ ಬೇಕು ಎಂದು ನಾವು ಯಾರೂ ಕೇಳಿರಲಿಲ್ಲ.

ನನ್ನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. 2021ರಲ್ಲಿ ಮೊಮ್ಮಗಳ ಹಟಕ್ಕೆ ಒಂದು ನಾಯಿಮರಿ ತಂದ. ಮರಿಯ ತಾಯಿ ಶಿಟ್ಸು ಜಾತಿ, ತಂದೆ ಚಿಕ್ಕ ಜಾತಿಯ ಪೂಡಲ್. ಬೆಲ್ಲದ ಬಣ್ಣ, ಮೈತುಂಬ ಗುಂಗುರು ಕೂದಲು, ಬೆಳೆದ ಮೇಲೂ ಆರು ಕಿಲೋ ತೂಕ. ಮೊಮ್ಮಗಳು ಅದಕ್ಕೆ ಬೂಂದಿ ಎಂದು ಹೆಸರಿಟ್ಟಳು. 2022ರ ಜೂನ್ ತಿಂಗಳಲ್ಲಿ ಕಂಪನಿಯವರು ಮಗನನ್ನು ಎರಡು ವರ್ಷಕ್ಕೆ ಜರ್ಮನಿಗೆ ಕಳಿಸಿದರು. ಹೆಂಡತಿ ಮಗಳನ್ನೂ ಕರೆದುಕೊಂಡು ಹೋದ. ಬೂಂದಿ ನಮ್ಮ ಪಾಲಿಗೆ ಬಂತು.

ಹೊರಡುವ ದಿನ ಸೊಸೆ ನನ್ನ ಕೈಗೆ ಒಂದು ಚೀಲ ಕೊಟ್ಟಳು. ಒಂದು ತಂತಿ ಬ್ರಷ್, ಒಂದು ಸ್ಟೀಲ್ ಬಾಚಣಿಗೆ, ಒಂದು ಶಾಂಪೂ, ಜೊತೆಗೆ ಒಂದು ಹಾಳೆ. "ಮಾವ, ದಿನಾ ಬಾಚಬೇಕು. ಆರು ವಾರಕ್ಕೊಮ್ಮೆ ಕಟಿಂಗ್" ಎಂದಳು. ನಾನು ಆಗಲಿ ಎಂದೆ. ಮೊಮ್ಮಗಳು ಅಳುತ್ತಾ, "ತಾತ, ಬೂಂದಿನ ಚೆನ್ನಾಗಿ ನೋಡ್ಕೋತೀಯಲ್ಲಾ?" ಎಂದಳು. ಅದಕ್ಕೂ ಆಗಲಿ ಎಂದೆ.

ಮೊದಲ ತಿಂಗಳು ಬಾಚಿದೆ. ಆಮೇಲೆ ಎರಡು ದಿನಕ್ಕೊಮ್ಮೆ, ವಾರಕ್ಕೊಮ್ಮೆ ಆಯಿತು. ಪಟ್ಟಣದ ನಾಯಿ ಪಾರ್ಲರಿಗೆ ಒಂದು ಸಲ ಕರೆದುಕೊಂಡು ಹೋದೆ, ಒಂದು ಸಾವಿರ ರೂಪಾಯಿ ಕೇಳಿದರು. ನಾಯಿಯ ತಲೆಗೆ ಸಾವಿರ ರೂಪಾಯಿಯೇ ಎಂದು ವಾಪಸು ಬಂದೆ. ಅಷ್ಟರಲ್ಲಿ ಹಿಂಗಾರು ಮಳೆ ಹಿಡಿಯಿತು, ರಾಗಿ ಕೊಯ್ಲು ಬಂತು. ನಾಯಿ ಹೊಲದ ಬದುವಿನಲ್ಲಿ ಒದ್ದೆಯಾಗಿ ಬರುತ್ತಿತ್ತು, ಗೋಣಿಚೀಲದಲ್ಲಿ ಒರೆಸಿ ಬಿಡುತ್ತಿದ್ದೆವು. ನೆನಪಾದಾಗ ಮೈಮೇಲೆ ನಾಲ್ಕು ಸಲ ಬ್ರಷ್ ಎಳೆಯುತ್ತಿದ್ದೆ. ನೋಡುವುದಕ್ಕೆ ಹತ್ತಿಯ ಹಾಗೆ ಚೆನ್ನಾಗಿಯೇ ಕಾಣುತ್ತಿತ್ತು. ಬೂಂದಿ ದಪ್ಪವಾಗಿದೆ ಎಂದು ನೆರೆಮನೆಯವರು ಹೊಗಳಿದರು. ನಾನೂ ಹಿಗ್ಗಿದೆ.

ಡಿಸೆಂಬರ್ ಹೊತ್ತಿಗೆ ನಾಯಿಯ ಸ್ವಭಾವವೇ ಬದಲಾಯಿತು. ಕರೆದರೆ ಬರುತ್ತಿರಲಿಲ್ಲ, ಮಂಚದ ಕೆಳಗೆ ಸೇರಿಕೊಳ್ಳುತ್ತಿತ್ತು. ಕಾಲು ಅಗಲಿಸದೆ ಸಣ್ಣ ಸಣ್ಣ ಹೆಜ್ಜೆ ಇಡುತ್ತಿತ್ತು. ಕಿವಿ ಮುಟ್ಟಿದರೆ ಗುರ್ ಎನ್ನುತ್ತಿತ್ತು. ಒಂದು ದಿನ ನಮ್ಮ ಮನೆಯಾಕೆ ಎತ್ತಿಕೊಳ್ಳಲು ಹೋದಾಗ ಕೈಗೆ ಬಾಯಿ ಹಾಕಿತು. ಎರಡು ದಿನ ಬಿಟ್ಟು ಪಕ್ಕದ ಮನೆಯ ಮಗು ತಬ್ಬಿಕೊಳ್ಳಲು ಹೋದಾಗಲೂ ಹಲ್ಲು ತಗುಲಿಸಿತು. ರಕ್ತ ಬರಲಿಲ್ಲ, ಆದರೂ ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿದೆವು. ಬೀದಿಯಲ್ಲಿ ಮಾತು ಶುರುವಾಯಿತು. "ಜಾತಿ ಬೆರಕೆ ನಾಯಿ, ತಲೆ ಕೆಟ್ಟಿದೆ, ದೂರ ಬಿಟ್ಟು ಬನ್ನಿ" ಎಂದರು. ನನಗೂ ಹಾಗೇ ಅನ್ನಿಸಿತು. ಒಬ್ಬ ಲಾರಿ ಡ್ರೈವರ್ ಹತ್ತಿರ ಮಾತಾಡಿಯೂ ಬಿಟ್ಟೆ. ಎಲ್ಲಾದರೂ ದೂರದ ತೋಟದಲ್ಲಿ ಬಿಟ್ಟುಬಿಡು, ಮೊಮ್ಮಗಳಿಗೆ ಕಳೆದುಹೋಯಿತು ಎನ್ನುತ್ತೇನೆ ಎಂದೆ. ಈ ಮಾತನ್ನು ಈಗ ಹೇಳಲು ನಾಚಿಕೆಯಾಗುತ್ತದೆ. ಆದರೆ ಆಡಿದ್ದು ನಿಜ.

ನಮ್ಮ ಮನೆಯಾಕೆ ಒಪ್ಪಲಿಲ್ಲ. "ರೀ, ಒಂದು ಸಲ ಡಾಕ್ಟರಿಗೆ ತೋರಿಸಿ, ಆಮೇಲೆ ಏನಾದರೂ ಮಾಡಿ" ಎಂದಳು. ಬುಟ್ಟಿಯಲ್ಲಿ ಕೂರಿಸಿ, ಮೇಲೆ ಟವೆಲ್ ಕಟ್ಟಿ, ಸರ್ಕಾರಿ ಪಶುವೈದ್ಯರ ಹತ್ತಿರ ತೆಗೆದುಕೊಂಡು ಹೋದೆ. ಅವರು ಮೊದಲು ಅದರ ಬಾಯಿಗೆ ಬಟ್ಟೆಯ ಪಟ್ಟಿ ಕಟ್ಟಿದರು. ಆಮೇಲೆ ಮೆಲ್ಲಗೆ ಕಂಕುಳೊಳಗೆ ಬೆರಳು ಹಾಕಿದರು, ಕಿವಿಯ ಹಿಂದೆ ಹಾಕಿದರು. ನನ್ನ ಮುಖ ನೋಡಿ ಒಂದೇ ಮಾತು ಹೇಳಿದರು: "ಇದು ಕೋಬಂ ಇಲ್ಲೆ ಅಯ್ಯಾ, ವಲಿ." ಕೋಪವಲ್ಲ, ನೋವು.

ಅವರು ನನ್ನ ಕೈಯನ್ನೇ ಹಿಡಿದು ಮುಟ್ಟಿಸಿದರು. ಮೇಲೆ ಎರಡು ಬೆರಳಿನಷ್ಟು ಮೆತ್ತಗಿನ ಕೂದಲು. ಅದರ ಕೆಳಗೆ, ಚರ್ಮಕ್ಕೆ ಅಂಟಿಕೊಂಡ ಹಾಗೆ, ಒಂದು ಕಂಬಳಿ. ಕೂದಲೆಲ್ಲ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗಿತ್ತು. ಮುಂಗಾಲು ಎದೆಗೆ ಸೇರುವ ಕಡೆ, ತೊಡೆಸಂದಿನಲ್ಲಿ, ಕಿವಿಯ ಬುಡದಲ್ಲಿ. ನಾಯಿ ಹೆಜ್ಜೆ ಇಟ್ಟಾಗಲೆಲ್ಲ ಆ ಗಂಟು ಚರ್ಮವನ್ನು ಎಳೆಯುತ್ತಿತ್ತು. ನಿಮ್ಮ ತಲೆಗೂದಲನ್ನು ಯಾರೋ ಗಟ್ಟಿಯಾಗಿ ಹಿಡಿದುಕೊಂಡು, ಹಗಲೂ ರಾತ್ರಿ ಬಿಡದೆ ಇದ್ದರೆ ನಿಮಗೆ ಹೇಗಿರುತ್ತದೆ ಯೋಚಿಸಿ. ಆಗ ಪ್ರೀತಿಯಿಂದ ಎತ್ತಿಕೊಳ್ಳಲು ಬಂದವರನ್ನೂ ಕಚ್ಚಬೇಕೆನ್ನಿಸುತ್ತದೆ.

ಮತ್ತು ಬರುವ ಚುಚ್ಚುಮದ್ದು ಕೊಟ್ಟು ಮೆಷಿನ್ ಹಾಕಿ ಬೋಳಿಸಿದರು. ಕುರಿಯ ಉಣ್ಣೆಯ ಹಾಗೆ ಇಡಿಯ ಹಾಸು ಒಂದೇ ತುಂಡಾಗಿ ಕೆಳಗೆ ಬಂತು. ಒಳಗಿನ ಚರ್ಮ ಕೆಂಪಾಗಿ, ತೇವವಾಗಿ, ಹುಳಿ ವಾಸನೆ ಬರುತ್ತಿತ್ತು. ಎಡಗಂಕುಳಲ್ಲಿ ರೂಪಾಯಿ ಬಿಲ್ಲೆಯಷ್ಟು ಹುಣ್ಣು. ಬೆರಳಿನ ಸಂದಿನಲ್ಲಿ, ಕಿವಿಯೊಳಗೆ ಉಣ್ಣಿಗಳು. ಇನ್ನೂ ಕೆಲವು ದಿನ ಬಿಟ್ಟಿದ್ದರೆ ನೊಣ ಕೂತು ಹುಳ ಬೀಳುತ್ತಿತ್ತು ಎಂದರು. ಬೋಳಿಸಿದ ಮೇಲೆ ನೋಡಿದರೆ, ದಪ್ಪವಾಗಿದೆ ಎಂದು ನಾವು ಹಿಗ್ಗಿದ ನಾಯಿಯ ಪಕ್ಕೆಲುಬು ಎಣಿಸಬಹುದಾಗಿತ್ತು. ಮನೆಗೆ ತಂದ ಮೇಲೆ ಎರಡು ದಿನ ಮಲಗಿಯೇ ಇತ್ತು. ಮೂರನೆಯ ದಿನ ಬೆಳಿಗ್ಗೆ ನಾನು ಕಾಫಿ ಕುಡಿಯುವಾಗ ತಾನಾಗಿ ಬಂದು ನನ್ನ ಪಾದದ ಮೇಲೆ ತಲೆಯಿಟ್ಟು ಮಲಗಿತು. ಲಾರಿ ಡ್ರೈವರಿಗೆ ಫೋನು ಮಾಡಿ, ಬೇಡಪ್ಪ ಎಂದು ಹೇಳಿದೆ.

ಬಂಧುಗಳೇ, ಇದು ಏಕೆ ಹೀಗಾಗುತ್ತದೆ ಎಂದು ನಾನು ಆಮೇಲೆ ವೈದ್ಯರನ್ನು ಕೇಳಿ, ಓದಿ ತಿಳಿದುಕೊಂಡೆ. ಸಾಧಾರಣ ನಾಯಿಯ ಕೂದಲು ಸ್ವಲ್ಪ ಕಾಲ ಬೆಳೆಯುತ್ತದೆ, ನಿಲ್ಲುತ್ತದೆ, ಉದುರುತ್ತದೆ. ಪೂಡಲ್ ಜಾತಿಯ ಕೂದಲು ನಮ್ಮ ತಲೆಗೂದಲಿನ ಹಾಗೆ ಬಹಳ ಕಾಲ ಬೆಳೆಯುತ್ತಲೇ ಇರುತ್ತದೆ. ಅದರಲ್ಲೂ ಕೂದಲು ಸಾಯುತ್ತದೆ, ಬುಡದಿಂದ ಕಳಚುತ್ತದೆ. ಆದರೆ ನೆಲಕ್ಕೆ ಬೀಳುವುದಿಲ್ಲ, ಗುಂಗುರಿನೊಳಗೇ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ನೀರು, ಧೂಳು, ಉಜ್ಜಾಟ ಸೇರಿದರೆ ಗಂಟಾಗುತ್ತದೆ. 'ಕೂದಲು ಉದುರದ ನಾಯಿ' ಎಂದು ಅಂಗಡಿಯವರು ಹೇಳಿ ಮಾರುತ್ತಾರಲ್ಲ, ಅದರ ಪೂರ್ತಿ ಅರ್ಥ ಇದು: ಬೇರೆ ನಾಯಿ ತನ್ನ ಕೂದಲನ್ನು ತಾನೇ ಉದುರಿಸಿಕೊಳ್ಳುತ್ತದೆ, ಈ ನಾಯಿಯ ಕೂದಲನ್ನು ನಾವು ತೆಗೆಯಬೇಕು.

2009ರಲ್ಲಿ ವಿಜ್ಞಾನಿಗಳು ಒಂದು ವಿಷಯ ಪ್ರಕಟಿಸಿದರು. ನಾಯಿಗಳಲ್ಲಿ ಎಷ್ಟೊಂದು ಬಗೆಯ ಕೂದಲಿದ್ದರೂ ಅದರ ಹೆಚ್ಚಿನ ಭಾಗಕ್ಕೆ ಮೂರೇ ಮೂರು ಜೀನುಗಳು ಕಾರಣವಂತೆ. ಒಂದು ಉದ್ದಕ್ಕೆ, ಒಂದು ಗುಂಗುರಿಗೆ, ಇನ್ನೊಂದು ಮೀಸೆ-ಹುಬ್ಬಿನ ಕೂದಲಿಗೆ. ಬೆರಕೆ ಮರಿಯಲ್ಲಿ ಯಾವುದು ತಾಯಿಯಿಂದ ಬಂತು, ಯಾವುದು ತಂದೆಯಿಂದ ಬಂತು ಎಂದು ಮೊದಲೇ ಹೇಳಲಾಗುವುದಿಲ್ಲ. ಒಂದೇ ಸೂಲಿನ ಮರಿಗಳಲ್ಲಿ ಒಂದಕ್ಕೆ ನೆಟ್ಟಗಿನ ರೇಷ್ಮೆ ಕೂದಲು, ಇನ್ನೊಂದಕ್ಕೆ ಗಂಟು ಗುಂಗುರು. ಇನ್ನೊಂದು ವಿಷಯ. ಮರಿಗೂದಲು ಹೋಗಿ ದೊಡ್ಡ ಕೂದಲು ಬರುವುದು ಸುಮಾರು ಎಂಟು ತಿಂಗಳಿಂದ ಒಂದೂವರೆ ವರ್ಷದ ಒಳಗೆ. ಆ ಕಾಲದಲ್ಲಿಯೇ ಗಂಟು ಅತಿ ಹೆಚ್ಚು. ಬೂಂದಿ ನಮ್ಮ ಮನೆಗೆ ಬಂದದ್ದು ಸರಿಯಾಗಿ ಅದೇ ವಯಸ್ಸಿನಲ್ಲಿ.

ಜರ್ಮನಿಯಿಂದ ಮಗ ಫೋನಿನಲ್ಲಿ ಒಂದು ಮಾತು ಹೇಳಿದ. ಪೂಡಲ್ ಎಂಬ ಹೆಸರೇ ಜರ್ಮನ್ ಮಾತು, ನೀರಿನಲ್ಲಿ ಚಳಪಳ ಮಾಡುವುದು ಎಂಬ ಅರ್ಥದ ಶಬ್ದದಿಂದ ಬಂದದ್ದು ಎಂದು. ಬೇಟೆಯವರು ಹೊಡೆದ ಬಾತುಕೋಳಿಯನ್ನು ಕೆರೆಗೆ ಇಳಿದು ತರುತ್ತಿದ್ದ ನಾಯಿ ಅದು. ಚಿತ್ರಗಳಲ್ಲಿ ನೀವು ನೋಡಿರಬಹುದು, ಪೂಡಲ್‌ನ ಹಿಂಭಾಗ ಬೋಳಿಸಿ ಎದೆಯ ಮೇಲೆ, ಕೀಲುಗಳ ಮೇಲೆ ಉಂಡೆ ಉಂಡೆಯಾಗಿ ಕೂದಲು ಬಿಟ್ಟಿರುತ್ತಾರೆ. ಈಜುವಾಗ ಭಾರವಾಗದಿರಲಿ, ಎದೆ ಮತ್ತು ಕೀಲುಗಳಿಗೆ ಚಳಿ ತಗುಲದಿರಲಿ ಎಂದು ಹಾಗೆ ಮಾಡುತ್ತಿದ್ದರಂತೆ. ಶೋಕಿ ಎಂದು ನಾವು ತಿಳಿದದ್ದು ಕೆಲಸದ ಕಟಿಂಗ್.

ಈ ಬೆರಕೆ ಮಾಡುವ ಹುಚ್ಚು ದೊಡ್ಡದಾದದ್ದಕ್ಕೂ ಒಂದು ಕಥೆಯಿದೆ. 1989ರಲ್ಲಿ ಆಸ್ಟ್ರೇಲಿಯಾದಲ್ಲಿ ಕುರುಡರಿಗೆ ದಾರಿ ತೋರಿಸುವ ನಾಯಿಗಳ ಸಂಸ್ಥೆಯಲ್ಲಿದ್ದ ವಾಲಿ ಕಾನ್ರಾನ್ ಎಂಬುವರು ಲ್ಯಾಬ್ರಡಾರನ್ನೂ ಪೂಡಲನ್ನೂ ಕೂಡಿಸಿದರು. ಹವಾಯಿಯ ಒಬ್ಬ ಅಂಧ ಮಹಿಳೆಗೆ ನಾಯಿ ಬೇಕಾಗಿತ್ತು, ಅವರ ಗಂಡನಿಗೆ ನಾಯಿ ಕೂದಲು ಆಗುತ್ತಿರಲಿಲ್ಲ. ಒಬ್ಬರ ಕಷ್ಟಕ್ಕೆಂದು ಮಾಡಿದ ಕೆಲಸ ಲೋಕವೆಲ್ಲ ವ್ಯಾಪಾರವಾಯಿತು. ಹಾಗೆ ಮಾಡಿದ್ದಕ್ಕೆ ತಮಗೆ ವಿಷಾದವಿದೆ ಎಂದು ಆತ 2019ರಲ್ಲಿ ಹೇಳಿದರು. ಈ ನಾಯಿಗಳಿಂದ ಅಲರ್ಜಿಯೇ ಇಲ್ಲ ಎಂಬ ಮಾತನ್ನೂ ಪೂರ್ತಿ ನಂಬಬೇಡಿ. 2012ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ಅಳೆದು ನೋಡಿದಾಗ ಇಂಥ ತಳಿಗಳ ಕೂದಲಿನಲ್ಲಿ ಅಲರ್ಜಿಯ ಅಂಶ ಕಡಿಮೆಯೇನೂ ಇರಲಿಲ್ಲ.

ಕಥೆ ಸಾಕು. ಈಗ ಕೆಲಸದ ಮಾತಿಗೆ ಬರೋಣ. ನಾನು ದಿನಾ ಮಾಡುವುದನ್ನು ಹೇಳುತ್ತೇನೆ.

ಮೊದಲನೆಯದು ಬಾಚುವುದು. ಎರಡು ಸಾಮಾನು ಸಾಕು. ಒಂದು, ಬಾಗಿದ ಸಣ್ಣ ತಂತಿಗಳಿರುವ ಬ್ರಷ್, ಅಂಗಡಿಯಲ್ಲಿ ಸ್ಲಿಕರ್ ಬ್ರಷ್ ಎನ್ನುತ್ತಾರೆ. ಇನ್ನೊಂದು, ಸ್ಟೀಲ್ ಬಾಚಣಿಗೆ, ಒಂದು ಅರ್ಧ ವಿರಳ ಹಲ್ಲು, ಇನ್ನೊಂದು ಅರ್ಧ ಒತ್ತು ಹಲ್ಲು ಇರುವಂಥದು. ನನ್ನ ತಪ್ಪು ಏನಾಗಿತ್ತೆಂದರೆ ಬರೀ ಮೇಲೆ ಮೇಲೆ ಎಳೆಯುತ್ತಿದ್ದೆ. ಹಾಗಲ್ಲ. ಎಡಗೈಯಲ್ಲಿ ಕೂದಲನ್ನು ಮೇಲಕ್ಕೆ ಮಡಚಿ ಹಿಡಿಯಿರಿ, ಬೈತಲೆ ತೆಗೆದ ಹಾಗೆ ಚರ್ಮದ ಒಂದು ಗೆರೆ ಕಾಣಬೇಕು. ಆ ಗೆರೆಯಿಂದ ಹೊರಕ್ಕೆ ಬ್ರಷ್ ಎಳೆಯಿರಿ. ಒಂದು ಗೆರೆ ಮುಗಿದ ಮೇಲೆ ಅರ್ಧ ಅಂಗುಲ ಮೇಲೆ ಇನ್ನೊಂದು ಗೆರೆ. ತಂತಿಯನ್ನು ಚರ್ಮಕ್ಕೆ ಒತ್ತಬೇಡಿ, ಗೀರುತ್ತದೆ. ಕೊನೆಗೆ ಸ್ಟೀಲ್ ಬಾಚಣಿಗೆಯನ್ನು ಬುಡದಿಂದ ತುದಿಯವರೆಗೆ ಬಿಡಿ. ಎಲ್ಲೂ ತಡೆಯದೆ ಹೋದರೆ ಸರಿ. ತಡೆದರೆ ಅಲ್ಲಿ ಸಿಕ್ಕು ಇದೆ ಎಂದೇ ಅರ್ಥ. ಸಿಕ್ಕು ಎಂಬ ಮಾತು ನಮಗೆ ಕನ್ನಡದಲ್ಲೂ ಅದೇ, ತಮಿಳಿನಲ್ಲೂ ಅದೇ.

ಎಲ್ಲಿ ನೋಡಬೇಕು? ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಸಂದಿನಲ್ಲಿ, ಕೊರಳಪಟ್ಟಿಯ ಕೆಳಗೆ, ಬಾಲದ ಬುಡದಲ್ಲಿ, ಬೆರಳ ಸಂದಿನಲ್ಲಿ, ಗದ್ದದ ಕೆಳಗೆ. ಎಲ್ಲೆಲ್ಲಿ ಮೈ ಮೈಗೆ ಉಜ್ಜುತ್ತದೆಯೋ ಅಲ್ಲೆಲ್ಲ. ಬೆನ್ನು ಚೆನ್ನಾಗಿದೆ ಎಂದರೆ ಏನೂ ಆಗಲಿಲ್ಲ. ರಾತ್ರಿ ಕೊರಳಪಟ್ಟಿ ಬಿಚ್ಚಿಡಿ.

ದಿನಕ್ಕೆ ಹತ್ತು ನಿಮಿಷ ಸಾಕು. ನಾವು ಬ್ಯಾಂಕಿನಲ್ಲಿ ದಿನದ ಲೆಕ್ಕ ದಿನವೇ ಸರಿಮಾಡಿ ಮನೆಗೆ ಹೋಗುತ್ತಿದ್ದೆವು. ಹತ್ತು ಪೈಸೆ ವ್ಯತ್ಯಾಸ ಬಂದರೂ ಕೂತು ಹುಡುಕುತ್ತಿದ್ದೆವು. ಬಿಟ್ಟರೆ ಮಾರನೆಯ ದಿನದ ಲೆಕ್ಕದಲ್ಲಿ ಅದು ಸೇರಿಕೊಂಡು ತಿಂಗಳ ಕೊನೆಗೆ ಯಾರಿಗೂ ಬಿಡಿಸಲಾಗುತ್ತಿರಲಿಲ್ಲ. ಮೂವತ್ತೈದು ವರ್ಷ ಆ ಕೆಲಸ ಮಾಡಿದವನಿಗೆ ನಾಯಿಯ ಕೂದಲಿನಲ್ಲಿ ಅದು ಹೊಳೆಯಲಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು.

ಸಣ್ಣ ಸಿಕ್ಕು ಸಿಕ್ಕಿದರೆ ಬುಡವನ್ನು ಎರಡು ಬೆರಳಲ್ಲಿ ಗಟ್ಟಿಯಾಗಿ ಹಿಡಿಯಿರಿ, ಆಗ ಎಳೆತ ಚರ್ಮಕ್ಕೆ ಹೋಗುವುದಿಲ್ಲ. ತುದಿಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸುತ್ತಾ ಒಳಗೆ ಬನ್ನಿ. ನಮ್ಮ ಹೆಣ್ಣುಮಕ್ಕಳು ಜಡೆ ಬಿಡಿಸುವುದೂ ಹೀಗೆಯೇ. ಗಂಟು ಚರ್ಮಕ್ಕೆ ಅಂಟಿದ್ದರೆ ಕತ್ತರಿ ಹಾಕಬೇಡಿ. ಗಂಟಿನ ಜೊತೆ ಚರ್ಮವೂ ಮೇಲೆದ್ದು ಬಂದಿರುತ್ತದೆ, ಕತ್ತರಿಸಿದ ಮೇಲೆ ರಕ್ತ ಬಂದಾಗಲೇ ಗೊತ್ತಾಗುವುದು. ಅದಕ್ಕೆ ಮೆಷಿನ್ನೇ ಸರಿ, ಅದೂ ಬಲ್ಲವರ ಕೈಯಲ್ಲಿ. ಮೈಯೆಲ್ಲ ಗಂಟಾಗಿದ್ದರೆ ಬಿಡಿಸಿ ಹಿಂಸೆ ಕೊಡಬೇಡಿ, ವೈದ್ಯರ ಹತ್ತಿರ ಬೋಳಿಸಿಬಿಡಿ. ಕೂದಲು ಮತ್ತೆ ಬರುತ್ತದೆ.

ಎರಡನೆಯದು ಸ್ನಾನ. ಮೂರು ನಾಲ್ಕು ವಾರಕ್ಕೊಮ್ಮೆ ಸಾಕು. ಇಲ್ಲಿ ಒಂದು ನಿಯಮ: ಬಾಚದೆ ನೀರು ಹಾಕಬೇಡಿ. ಸಿಕ್ಕಿರುವ ಕೂದಲು ನೀರು ತಾಗಿ ಒಣಗಿದರೆ ಗಂಟು ಇನ್ನೂ ಬಿಗಿಯುತ್ತದೆ. ಕಂಬಳಿಯನ್ನು ಬಿಸಿನೀರಿನಲ್ಲಿ ಹಾಕಿ ತಿಕ್ಕಿದರೆ ಏನಾಗುತ್ತದೆ ಎಂದು ನಿಮಗೆ ಗೊತ್ತು. ಉಗುರು ಬೆಚ್ಚಗಿನ ನೀರು, ನಾಯಿಗೆಂದೇ ಮಾಡಿದ ಶಾಂಪೂ. ನಮ್ಮ ಸೋಪು, ನಮ್ಮ ಶಾಂಪೂ ಬೇಡ, ನಾಯಿಯ ಚರ್ಮ ನಮ್ಮದಕ್ಕಿಂತ ತೆಳು. ಸೀಗೆಕಾಯಿಯೂ ಬೇಡ, ಕಣ್ಣಿಗೆ ಬಿದ್ದರೆ ಉರಿ. ನೊರೆ ಪೂರ್ತಿ ಹೋಗುವ ತನಕ ತೊಳೆಯಿರಿ. ಟವೆಲಿನಲ್ಲಿ ಒತ್ತಿ ಒತ್ತಿ ನೀರು ತೆಗೆಯಿರಿ, ತಿಕ್ಕಬೇಡಿ. ಬುಡದವರೆಗೆ ಒಣಗಿಸುತ್ತಾ ಬಾಚಿ. ಮಳೆಗಾಲದಲ್ಲಿ ಹೊರಗೆ ಹೋಗಿ ಒದ್ದೆಯಾಗಿ ಬಂದರೂ ಇದೇ ಕ್ರಮ. ಕಿವಿಯೊಳಗೆ ನೀರು ನಿಲ್ಲಬಾರದು. ಕಿವಿಗೆ ಕಡ್ಡಿ ಹಾಕಬೇಡಿ, ಒಳಗಿನ ಕೂದಲನ್ನು ನೀವಾಗಿ ಕೀಳಬೇಡಿ. ವಾಸನೆ ಬಂದರೆ, ತಲೆ ಒದರುತ್ತಿದ್ದರೆ ವೈದ್ಯರಿಗೆ ತೋರಿಸಿ.

ಮೂರನೆಯದು ಕಟಿಂಗ್. ಆರರಿಂದ ಎಂಟು ವಾರಕ್ಕೊಮ್ಮೆ. ಪಾರ್ಲರಿಗೆ ಹೋಗುವವರು ಹೋಗಿ, ಆ ದುಡ್ಡು ಹೆಚ್ಚಲ್ಲ ಎಂದು ನನಗೆ ಈಗ ಗೊತ್ತು. ನಾನು ಮನೆಯಲ್ಲೇ ಕಲಿತೆ. ಇದರಲ್ಲಿ ನನಗೆ ಗುರುಗಳಾದವರು ನಮ್ಮ ಬೀದಿಯ ಕುರುಬರ ಹಿರಿಯರು. ಬೋಳಾದ ಬೂಂದಿಯನ್ನು ನೋಡಿ ಅವರು, "ಏನ್ ಬ್ಯಾಂಕಿನವ್ರೇ, ಕುರಿ ಸಾಕ್ಕೊಂಡು ಉಣ್ಣೆ ಕತ್ತರಿಸ್ದೆ ಬಿಟ್ರೆ ಆಯ್ತದಾ? ನಾವು ವರ್ಷಕ್ಕೆ ಎರಡು ಸಲ ಕತ್ತರಿಸ್ತೀವಿ. ಇದೂ ಅಂಗೇ ತಾನೇ?" ಎಂದರು. ನಾನು ಪುಸ್ತಕ ಓದಿ ತಿಳಿದದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿದರು. ಸಾಕಿದ ಕುರಿಯ ಉಣ್ಣೆಯೂ ನಿಲ್ಲದೆ ಬೆಳೆಯುವಂಥದೇ. 2015ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಹತ್ತಿರ ಮಂದೆ ತಪ್ಪಿಸಿಕೊಂಡು ವರ್ಷಗಟ್ಟಲೆ ತಿರುಗಿದ ಒಂದು ಟಗರು ಸಿಕ್ಕಿತು. ಅದರ ಮೈಯಿಂದ 40 ಕಿಲೋಗೂ ಹೆಚ್ಚು ಉಣ್ಣೆ ತೆಗೆದರು. ಅದು ನಡೆಯುವುದೇ ಕಷ್ಟವಾಗಿತ್ತು. ಮನುಷ್ಯ ತನಗೆ ಬೇಕಾದ ಹಾಗೆ ಬೆಳೆಸಿಕೊಂಡ ಮೈ ಅದು, ಮನುಷ್ಯನೇ ನೋಡಿಕೊಳ್ಳಬೇಕು.

ಆ ಹಿರಿಯರು ಕಲಿಸಿದ್ದು ಪ್ರಾಣಿಯನ್ನು ಹಿಡಿಯುವ ರೀತಿ. ಕಾಲನ್ನು ಪಕ್ಕಕ್ಕೆ ಎಳೆಯಬಾರದು, ಅದು ತಾನಾಗಿ ಮಡಚುವ ಕಡೆಗೇ ಎತ್ತಬೇಕು. ಕೈ ಅದರ ಮೈಮೇಲಿಂದ ತೆಗೆಯಬಾರದು. ಅವಸರ ಮಾಡಬಾರದು. ಹೆದರಿದರೆ ನಿಲ್ಲಿಸಿ ಸ್ವಲ್ಪ ಹೊತ್ತು ಬಿಡಬೇಕು. ನಾನು ಒಂದೇ ದಿನಕ್ಕೆ ಮುಗಿಸುವುದಿಲ್ಲ. ಒಂದು ದಿನ ಬೆನ್ನು ಹೊಟ್ಟೆ, ಮಾರನೆಯ ದಿನ ಕಾಲು, ಮೂರನೆಯ ದಿನ ಮುಖ. ಪ್ರತಿ ಸಲವೂ ಕಾಲು ಗಂಟೆ, ಕೊನೆಗೆ ಒಂದು ಚೂರು ಬೇಯಿಸಿದ ಕೋಳಿಮಾಂಸ.

ಮೆಷಿನ್ ಹಾಕುವ ಮೊದಲು ಸ್ನಾನ ಮಾಡಿಸಿ, ಒಣಗಿಸಿ, ಬಾಚಿರಬೇಕು. ಬರೀ 10ನೇ ನಂಬರ್ ಬ್ಲೇಡು ಹಾಕಿದರೆ ಒಂದೂವರೆ ಮಿಲಿಮೀಟರ್ ಕೂದಲು ಮಾತ್ರ ಉಳಿಯುತ್ತದೆ, ಅದು ಗಂಟು ತೆಗೆಯುವುದಕ್ಕೆ. ಸಾಧಾರಣ ಕಟಿಂಗಿಗೆ ಮೇಲೆ ಪ್ಲಾಸ್ಟಿಕ್ ಬಾಚಣಿಗೆ ಸಿಕ್ಕಿಸಿ ಒಂದರಿಂದ ಒಂದೂವರೆ ಸೆಂಟಿಮೀಟರ್ ಉಳಿಸಿ. ಕೂದಲು ಬೆಳೆದ ದಿಕ್ಕಿನಲ್ಲೇ ಹೋಗಿ. ಬ್ಲೇಡು ಕಾಯುತ್ತದೆ, ಆಗಾಗ ನಿಮ್ಮ ಮಣಿಕಟ್ಟಿಗೆ ಇಟ್ಟು ನೋಡಿ. ಕಂಕುಳಲ್ಲಿ, ತೊಡೆಸಂದಿನಲ್ಲಿ ಚರ್ಮ ತೆಳುವಾಗಿ ಮಡಚಿಕೊಂಡಿರುತ್ತದೆ, ಬೆರಳಿನಿಂದ ಸಮ ಮಾಡಿಕೊಂಡು ಹಾಕಿ. ಕಿವಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಬೆರಳಿನ ಆಚೆಗಿರುವ ಕೂದಲನ್ನು ಮಾತ್ರ ಕತ್ತರಿಸಿ. ಕಣ್ಣಿನ ಹತ್ತಿರ ಮೊಂಡು ತುದಿಯ ಕತ್ತರಿ, ತುದಿ ಯಾವಾಗಲೂ ಕಣ್ಣಿನ ವಿರುದ್ಧ ದಿಕ್ಕಿಗೆ. ಅಂಗಾಲಿನ ಗದ್ದುಗೆಗಳ ನಡುವಿನ ಕೂದಲು, ಗುದದ ಸುತ್ತಲಿನ ಕೂದಲು ಗಿಡ್ಡವಾಗಿರಲಿ. ಉಗುರು ಕತ್ತರಿಸುವಾಗ ತುದಿ ಮಾತ್ರ, ಒಳಗೆ ರಕ್ತನಾಳವಿದೆ. ತಪ್ಪಿ ರಕ್ತ ಬಂದರೆ ಸ್ವಲ್ಪ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಿರಿ.

ಬೇಸಿಗೆ ಎಂದು ಚರ್ಮ ಕಾಣುವ ಹಾಗೆ ಬೋಳಿಸಬೇಡಿ, ಬಿಸಿಲಿಗೆ ಚರ್ಮ ಸುಡುತ್ತದೆ. ಇನ್ನೊಂದು ಎಚ್ಚರಿಕೆ, ಇದು ಪಾಮೆರೇನಿಯನ್ ಸಾಕಿದವರಿಗೆ. ನಮ್ಮ ಹಳ್ಳಿಗಳಲ್ಲಿ ಆ ಬಿಳಿ ನಾಯಿ ಬಹಳ. ಅದರದು ಎರಡು ಪದರದ ಕೂದಲು, ಉದುರುವಂಥದು. ಅದನ್ನು ಬೋಳಿಸಿದರೆ ಕೆಲವಕ್ಕೆ ಕೂದಲು ಸರಿಯಾಗಿ ಮತ್ತೆ ಬರುವುದೇ ಇಲ್ಲ. ಅದಕ್ಕೆ ಬಾಚುವುದು ಮಾತ್ರ. ನಾನು ಹೇಳಿದ ಕಟಿಂಗ್ ಪೂಡಲ್ ರಕ್ತದ ಗುಂಗುರು ಕೂದಲಿಗೆ.

ಕೊನೆಯದು ಉಣ್ಣಿ. ಈ ಮಾತೂ ನಮಗೆ ಎರಡು ಭಾಷೆಯಲ್ಲಿ ಒಂದೇ. ಗಿಡ್ಡ ಕೂದಲಿನ ನಾಯಿಯ ಮೇಲೆ ಉಣ್ಣಿ ಕಣ್ಣಿಗೆ ಬೀಳುತ್ತದೆ, ಗುಂಗುರಿನಲ್ಲಿ ಬೀಳುವುದಿಲ್ಲ. ಬಾಚುವಾಗ ಬೆರಳಿಗೆ ಕಾಳಿನ ಹಾಗೆ ತಗುಲುತ್ತದೆ. ಸಣ್ಣ ಚಿಮಟದಲ್ಲಿ ಚರ್ಮದ ಹತ್ತಿರವೇ ಹಿಡಿದು ನೆಟ್ಟಗೆ ಎಳೆದು ತೆಗೆಯಿರಿ. ಸೀಮೆಎಣ್ಣೆ ಹಚ್ಚಬೇಡಿ, ನುಸಿಗುಳಿಗೆ ಪುಡಿ ಹಾಕಬೇಡಿ, ದನಕ್ಕೆ ಹೊಡೆಯುವ ಔಷಧಿಯನ್ನು ಅಂದಾಜಿನಲ್ಲಿ ಸುರಿಯಬೇಡಿ. ನಾಯಿ ಮೈ ನೆಕ್ಕುತ್ತದೆ, ವಿಷವಾಗುತ್ತದೆ. ನಾಯಿಯ ತೂಕ ನೋಡಿ ಕೊಡುವ ಔಷಧಿ ವೈದ್ಯರ ಹತ್ತಿರ ಇದೆ. ಉಣ್ಣಿಯಿಂದ ಎರ್ಲಿಕಿಯಾ, ಬೆಬಿಸಿಯಾ ಎಂಬ ರಕ್ತದ ರೋಗಗಳು ಬರುತ್ತವೆ. ಜ್ವರ, ಊಟ ಬಿಡುವುದು, ವಸಡು ಬಿಳಿಚಿಕೊಳ್ಳುವುದು, ಮೂಗಿನಲ್ಲಿ ರಕ್ತ ಇಂಥವು ಕಂಡರೆ ಅಂದೇ ಕರೆದುಕೊಂಡು ಹೋಗಿ.

ನಗರದಲ್ಲಿರುವ ಮಕ್ಕಳು ಇಂಥ ನಾಯಿಗಳನ್ನು ತಂದು, ಆಮೇಲೆ ಕೆಲಸ, ವರ್ಗ, ವಿದೇಶ ಎಂದು ಹಳ್ಳಿಯಲ್ಲಿರುವ ನಮ್ಮ ಮಡಿಲಿಗೆ ಹಾಕುವುದು ಈಗ ಹೆಚ್ಚಾಗಿದೆ. ಅದರಲ್ಲಿ ತಪ್ಪಿಲ್ಲ. ಆದರೆ ತರುವ ಮೊದಲೇ ಮನೆಯಲ್ಲಿ ಕೂತು ಒಂದು ಪ್ರಶ್ನೆ ಕೇಳಿಕೊಳ್ಳಿ: ದಿನಾ ಹತ್ತು ನಿಮಿಷ ಇದನ್ನು ಬಾಚುವವರು ಯಾರು? ಅದಕ್ಕೆ ಒಬ್ಬರ ಹೆಸರು ಸಿಕ್ಕಿದರೆ ತನ್ನಿ. ಸಿಗದಿದ್ದರೆ ಗಿಡ್ಡ ಕೂದಲಿನ ನಾಡನಾಯಿ ಒಳ್ಳೆಯದು. ಈಗಾಗಲೇ ನಿಮ್ಮ ಮನೆಯಲ್ಲಿ ಇಂಥ ನಾಯಿಯಿದ್ದು, ಅದು ಇದ್ದಕ್ಕಿದ್ದ ಹಾಗೆ ಮುನಿಸಿಕೊಂಡಿದ್ದರೆ, ಮುಟ್ಟಿದರೆ ಗುರುಗುಟ್ಟುತ್ತಿದ್ದರೆ, ತಲೆ ಕೆಟ್ಟಿದೆ ಎಂದು ಬೀದಿಯವರು ಹೇಳುವ ಮಾತನ್ನು ಕೇಳುವ ಮೊದಲು ಅದರ ಕಂಕುಳು, ಕಿವಿಯ ಬುಡ ಸರಿಯಿದೆಯೇ ಎಂದು ವೈದ್ಯರಿಂದ ನೋಡಿಸಿ.

2024ರಲ್ಲಿ ಮಗನ ಸಂಸಾರ ವಾಪಸು ಬಂತು. ಮೊಮ್ಮಗಳು ಚೀಲವನ್ನು ಅಂಗಳದಲ್ಲೇ ಬಿಸಾಡಿ, ಬೂಂದಿಯನ್ನು ಎತ್ತಿಕೊಂಡಳು. ಕಂಕುಳಿಗೆ ಕೈ ಹಾಕಿಯೇ ಎತ್ತಿದಳು. ಅದು ಅವಳ ಮುಖ ನೆಕ್ಕಿತು. ಊಟವಾದ ಮೇಲೆ ಅವಳಿಗೆ ನಡೆದದ್ದೆಲ್ಲ ಹೇಳಿದೆ, ಲಾರಿಯ ವಿಷಯವನ್ನೂ ಮುಚ್ಚಿಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಒಳಗೆ ಹೋಗಿ ಬ್ರಷ್ ತಂದು, "ತಾತ, ಹೇಗೆ ಬಾಚೋದು ತೋರಿಸು" ಎಂದಳು. ಮೊದಲ ಗೆರೆ ತೆಗೆದು ತೋರಿಸಿದೆ. ಈಗ ಬೆಂಗಳೂರಿನಲ್ಲಿ ಅವಳೇ ಬಾಚುತ್ತಾಳೆ. ಭಾನುವಾರ ಫೋನು ಮಾಡಿದಾಗ ನಾನು ಕೇಳುವ ಮೊದಲೇ, "ಬಾಚಣಿಗೆ ಎಲ್ಲೂ ತಡೀಲಿಲ್ಲ ತಾತ" ಎನ್ನುತ್ತಾಳೆ.